ಮೂರನೆಯ ವೋಟು

ಅದು ಆಗುವ ಮಾತಲ್ಲ ಎಂದವರು ನನ್ನ ಮಾವ, ಅಂದರೆ ನನ್ನ ಹೆಂಡತಿಯ ತಂದೆ. ಹೊಸ ತಿಪ್ಪಸಂದ್ರದ ಅವರ ಮನೆಯಲ್ಲಿ, ಟೀವಿಯಿಂದ ಕಣ್ಣು ಕೀಳದೆಯೇ ಹೇಳಿದ್ದರು. “ಮೂವತ್ಮೂರನೇ ವಯಸ್ಸಲ್ಲಿ ಬಿ.ಎ.ನಾ? ಆಗೋ ಮಾತಲ್ಲ ಅಳಿಯಂದ್ರೇ. ಮಗಳನ್ನ ಓದ್ಸಿ, ಸಾಕು.”

ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೃಷ್ಣರಾಜಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನು ರಸ್ತೆ ಅಗಲ ಮಾಡಲು ಒಡೆದಾಗ, ಎರಡು ತಿಂಗಳು ನಮ್ಮಲ್ಲೇ ಇರಿ ಎಂದು ಕರೆದುಕೊಂಡು ಬಂದವರೇ ಅವರು. ಆ ಎರಡು ತಿಂಗಳು ಆರು ವರ್ಷವಾಯಿತು. ಮನೆ ಅಳಿಯನಾಗಿ ಇರುವುದು ಹೇಗೆಂದು ಇದ್ದವರಿಗೇ ಗೊತ್ತು. ಯಾರೂ ಏನೂ ಅನ್ನುವುದಿಲ್ಲ. ಆದರೆ ಫ್ಯಾನು ಒಂದು ನಂಬರು ಜೋರು ಮಾಡಬೇಕೆಂದರೂ ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಲ್ಲುತ್ತದೆ.

ನಮ್ಮ ಕಡೆ ಓದಿದವರಿಲ್ಲ. ಅಮ್ಮ ಕೆ.ಆರ್. ಪುರದ ಸಂತೆಯಲ್ಲಿ ಸೊಪ್ಪು ಮಾರಿದಳು, ಅಪ್ಪ ಅಲ್ಲೇ ಮೂಟೆ ಇಳಿಸಿದ. ನಾನು ಪಿಯುಸಿ ಮುಗಿಸಿದ್ದೇ ದೊಡ್ಡ ಸುದ್ದಿಯಾಗಿತ್ತು. ಇಂದಿರಾನಗರದಲ್ಲಿ ಹಳೆಯ ಬಂಗಲೆಯೊಂದನ್ನು ಆಫೀಸು ಮಾಡಿಕೊಂಡ ಕಂಪನಿಯಲ್ಲಿ ಬೆಳಗ್ಗೆ ಬೀಗ ತೆಗೆಯುವವನೂ ನಾನೇ, ಕತ್ತಲಾದ ಮೇಲೆ ಹಾಕುವವನೂ ನಾನೇ. ವಾರಕ್ಕೆ ಆರು ದಿನ. ಸ್ಟೋರ್ ನೋಡಿಕೊಳ್ಳುವ ಕೆಲಸ ಖಾಲಿಯಾದಾಗ ಕೇಳಿದೆ. ಡಿಗ್ರಿ ಇದ್ದಿದ್ದರೆ ನೋಡಬಹುದಿತ್ತು ಎಂದರು. ಅವತ್ತೇ ಹೋಗಿ ದೂರಶಿಕ್ಷಣದ ಬಿ.ಎ.ಗೆ ಅರ್ಜಿ ಹಾಕಿದೆ.

ಚರಿತ್ರೆ, ಸಮಾಜಶಾಸ್ತ್ರ, ಕನ್ನಡ ಎಲ್ಲ ಒಂದೊಂದಾಗಿ ಪಾಸಾದವು. ಇಂಗ್ಲಿಷ್ ಮಾತ್ರ ಎರಡು ಸಲ ಹೋಯಿತು. ಕೋರ್ಸು ಮುಗಿಸಲು ಕೊಟ್ಟ ಅವಧಿಯೂ ತೀರುತ್ತ ಬಂದು ಒಂದೇ ಒಂದು ಪರೀಕ್ಷೆ ಉಳಿಯಿತು. ಅದೂ ಹೋದರೆ ಪಾಸಾದವೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ಓದಲು ನನಗೆ ಸಿಗುತ್ತಿದ್ದುದು ಭಾನುವಾರ ಮಧ್ಯಾಹ್ನ ಮಾತ್ರ. ಭಾನುವಾರ ಮಧ್ಯಾಹ್ನ ಆ ಕಾರ್ಯಕ್ರಮವಿತ್ತು.

ಅದು ನಿಮಗೂ ಗೊತ್ತಿರುವಂಥದ್ದೇ. ಮೂರು ನಾಲ್ಕು ಜನರ ತಂಡಗಳು ಬಂದು ಹತ್ತು ಹತ್ತು ನಿಮಿಷದ ಹಾಸ್ಯದ ತುಣುಕು ಆಡುತ್ತವೆ, ಗಂಡಸರು ಸೀರೆ ಉಟ್ಟು ಅತ್ತೆಯರಾಗುತ್ತಾರೆ, ದೊಡ್ಡ ಕುರ್ಚಿಯಲ್ಲಿ ಕೂತ ತೀರ್ಪುಗಾರರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ವರ್ಷಗಳಿಂದ ನಡೆದಿದೆ, ಎಷ್ಟನೆಯ ಸೀಸನ್ನೋ ಮರೆತಿದೆ. ನಮ್ಮ ಮನೆಯಲ್ಲಿ ನೋಡುತ್ತಿದ್ದುದು ಭಾನುವಾರದ ಮರುಪ್ರಸಾರ. ಮಾವನ ಜೊತೆ ನೋಡಲು ಹಲಸೂರಿನಿಂದ ಅವರ ಸ್ನೇಹಿತರೊಬ್ಬರು ಸ್ಕೂಟರಿನಲ್ಲಿ ಬರುತ್ತಿದ್ದರು. ಇಬ್ಬರೂ ಇಲ್ಲೇ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಒಂದೇ ವಿಭಾಗದಲ್ಲಿ ಫಿಟ್ಟರುಗಳಾಗಿದ್ದು ನಿವೃತ್ತರಾದವರು.

ಮಾವನ ವಾದ, ಕಾರ್ಯಕ್ರಮ ವರ್ಷದಿಂದ ವರ್ಷಕ್ಕೆ ಬೆಳೆದಿದೆ. ಸ್ನೇಹಿತರ ವಾದ, ಮೊದಲಿನ ತಂಡ ಸಿನಿಮಾಕ್ಕೆ ಹೋದ ದಿನವೇ ಅದು ಸತ್ತಿದೆ. ಸತ್ತಿದೆ ಎನ್ನುವವರು ಒಂದು ಕಂತನ್ನೂ ತಪ್ಪಿಸುತ್ತಿರಲಿಲ್ಲ. ಕೊನೆಗೆ ಕೈ ಎತ್ತಿ ವೋಟು. ಸೋತವರು ಮಾರ್ಕೆಟ್ ರಸ್ತೆಗಿಳಿದು ಬೋಂಡ ತರಬೇಕು. ಇಬ್ಬರೇ ಇದ್ದರೆ ಸಮ ಆಗಿಬಿಡುತ್ತದಲ್ಲ, ಅದಕ್ಕೆ ನಾನು. ದಿವಾನಿನ ಮೇಲೆ ಅವರಿಬ್ಬರ ನಡುವೆ ನನ್ನ ಜಾಗ. ಮುಂದೆ ಟೀಪಾಯಿ, ಹಿಂದೆ ಗೋಡೆ. ಏಳಬೇಕಾದರೆ ಯಾರಾದರೊಬ್ಬರು ಕಾಲು ಮಡಚಬೇಕು.

“ಫಸ್ಟ್ ಸೀಸನ್ ರೇಷನ್ ಅಂಗಡಿ ಸ್ಕಿಟ್ ಜ್ಞಾಪಕ ಇದ್ಯಾ?” ಎಂದು ಸ್ನೇಹಿತರು ಶುರು ಮಾಡುವರು. “ಪಾತ್ರೆ ತಿಕ್ಕೀ ತಿಕ್ಕೀ ಮುದುಕಿ ಹೆಬ್ಬೆಟ್ಟು ಸವ್ದೋಗಿರತ್ತೆ. ಮೆಷಿನ್ನು ತಗೊಳಲ್ಲ. ಕಾಲಿನ ಹೆಬ್ಬೆಟ್ಟು ಕೊಡ್ತಾಳೆ! ಒಂದು ಸ್ಟೂಲು, ಒಂದು ಡಬ್ಬ, ಅಷ್ಟೇ ಸೆಟ್ಟು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಈಗ ಬರೀ ಕಿರುಚಾಟ ಅಪ್ಪಾ.”

“ನಿಂಗೆ ಕಿವಿ ಕೇಳ್ಸಲ್ಲ ಅಂತ ಕಿರುಚ್ತಾರೆ,” ಎನ್ನುವರು ಮಾವ.

ನಾನು ಯಾವಾಗಲೂ ಮಾವನ ಕಡೆಗೇ ಕೈ ಎತ್ತುತ್ತಿದ್ದೆ. ಸ್ನೇಹಿತರು ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತು, “ಮನೆ ಅಳಿಯನ ವೋಟು ಪೋಸ್ಟಲ್ ಬ್ಯಾಲೆಟ್ ಇದ್ದಂಗೆ. ಎಲೆಕ್ಷನ್‌ಗೆ ಮುಂಚೇನೇ ಬಿದ್ದಿರತ್ತೆ,” ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಅತ್ತೆ ನಗುತ್ತಿದ್ದುದು ಕೇಳಿಸುತ್ತಿತ್ತು. ನಾನೂ ನಗುತ್ತಿದ್ದೆ. ನಗದೆ ಏನು ಮಾಡುವುದು?

ಒಂದು ವಾರ ವೇದಿಕೆಯ ಮೇಲೆ ರಟ್ಟಿನ ವಿಮಾನ ಬಂತು. ಮೊದಲ ಸಲ ವಿಮಾನ ಹತ್ತಿದ ಅತ್ತೆ ಹೊಸಕೋಟೆಯಲ್ಲಿ ಸ್ಟಾಪ್ ಕೊಡಿ ಎಂದು ಜಗಳ ತೆಗೆಯುವ ಕತೆ. ಸ್ನೇಹಿತರು ಎದ್ದು ಕೂತರು.

“ಲೇಯ್, ಬಾಗ್ಲು ಬಲಗಡೆ ಇಟ್ಟವ್ರೆ! ಪ್ಯಾಸೆಂಜರ್ ಹತ್ತೋದು ಎಡಗಡೆ ಅಲ್ವಾ?”

“ಕಾಮಿಡಿಗೆ ಎಡ ಆದ್ರೇನು, ಬಲ ಆದ್ರೇನು?”

“ಮೂವತ್ತು ವರ್ಷ ರಿವಿಟ್ ಹೊಡ್ದವ್ನು ಆಡೋ ಮಾತಾ ಇದು?”

“ಕ್ಯಾಮೆರಾ ಆ ಕಡೆ ಇದೆ ಗುರುವೇ. ಎಡಗಡೆ ಇಟ್ರೆ ಅತ್ತೆ ಹತ್ತೋದು ಯಾರಿಗ್ ಕಾಣತ್ತೆ?”

ಪೇಪರಿನ ಅಂಚಿನಲ್ಲಿ ಚಿತ್ರ ಬರೆದರು. ರೆಕ್ಕೆ ಎಲ್ಲಿ, ಏಣಿ ಎಲ್ಲಿ, ಪೆಟ್ರೋಲು ತುಂಬಿಸುವುದು ಯಾವ ಕಡೆ. ಟೀವಿಯಲ್ಲಿ ಬೇರೆ ತಂಡ ಬಂದು ಹೋಯಿತು, ಯಾರೂ ನೋಡಲಿಲ್ಲ. ಸುಳ್ಳು ಹೇಳುವುದಿಲ್ಲ, ಆ ಮಾತು ನನಗೂ ರುಚಿಸುತ್ತಿತ್ತು. ಬೇರೆ ದಿನವಾಗಿದ್ದರೆ ನಾನೂ ಸೇರುತ್ತಿದ್ದೆ. ಆದರೆ ಪರೀಕ್ಷೆಗೆ ಎಂಟು ವಾರವಿತ್ತು, ಮತ್ತು ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

ಓದಬೇಕು, ಬಿಟ್ಟುಬಿಡಿ ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುವ ಮಾತಲ್ಲ ಎಂದವರ ಮುಂದೆ ಎರಡು ಸಲ ಫೇಲಾಗಿ ಕೂತಿದ್ದೆ. ಮೂರನೆಯ ಸಲ ಕಟ್ಟಿದ್ದೇನೆಂದು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳು, “ನಾನು ಹೇಳ್ಲಾ ಅಪ್ಪಂಗೆ?” ಎಂದಾಗ ಬೇಡ ಎಂದವನೂ ನಾನೇ.

ನಾನೊಂದು ಉಪಾಯ ಮಾಡಿದೆ. ಮಾವನ ವಿರುದ್ಧ ವೋಟು ಹಾಕಿದರೆ ಸಿಟ್ಟಾಗಿ ನನ್ನನ್ನು ಆ ದಿವಾನಿನಿಂದ ಎಬ್ಬಿಸಿ ಕಳಿಸುತ್ತಾರೆ ಎಂದುಕೊಂಡೆ. ಮುಂದಿನ ಭಾನುವಾರ ಸ್ನೇಹಿತರ ಕಡೆ ಕೈ ಎತ್ತಿದೆ. ಮಾವ ನನ್ನ ಕಡೆ ಪೂರ್ತಿ ತಿರುಗಿದರು.

“ಕಾರಣ ಕೊಡಿ.”

“ಆ ಮನೆ ಓನರ್ ಸ್ಕಿಟ್ ಹೋದ ವಾರದ್ದೇ ಅಲ್ವಾ ಮಾವ? ಶರ್ಟ್ ಬದ್ಲಾಯ್ಸಿದಾರೆ ಅಷ್ಟೇ. ಜೋಕು ಮುಗಿದ್ಮೇಲೂ ಎರಡ್ ನಿಮಿಷ ಎಳೀತಾರೆ.”

ಅವರ ಮುಖ ಅರಳಿತು. “ಆಹಾ! ಇಷ್ಟು ದಿನ ಎಲ್ಲಿಟ್ಟಿದ್ರಿ ಈ ಬಾಯಿನ? ಈಗ ಬಂತು ನೋಡಿ ಮಜಾ!” ಎಂದು ಬೋಂಡ ತರಲು ತಾವೇ ಖುಷಿಯಿಂದ ಇಳಿದು ಹೋದರು. ಅದರ ಮುಂದಿನ ವಾರ ಸಭೆ ಹನ್ನೆರಡಕ್ಕೇ ಶುರುವಾಯಿತು. ಮೊಬೈಲಿನಲ್ಲಿ ಹಳೆಯ ಕಂತುಗಳನ್ನು ಹುಡುಕಿ, ಹೋಲಿಸಿ, ನನ್ನ ಕಾರಣಗಳಿಗೆ ಉತ್ತರ ತಯಾರು ಮಾಡಿಟ್ಟುಕೊಂಡಿದ್ದರು. ನಾನು ತೋಡಿದ ಹಳ್ಳದಲ್ಲಿ ನಾನೇ ಇನ್ನೂ ಕೆಳಗೆ ಇಳಿದಿದ್ದೆ.

ಆಮೇಲೆ ಪುಸ್ತಕದ ಹಾಳೆಗಳನ್ನು ಚಿಕ್ಕದಾಗಿ ಝೆರಾಕ್ಸ್ ಮಾಡಿಸಿ ಅಂಗೈಯಲ್ಲಿ ಇಟ್ಟುಕೊಂಡು ಕೂರತೊಡಗಿದೆ. ಜಾಹೀರಾತು ಬಂದಾಗ ಕಣ್ಣಾಡಿಸುವುದು, ತುಣುಕು ನಡೆಯುವಾಗ ಮನಸ್ಸಿನಲ್ಲೇ ಉರು ಹೊಡೆಯುವುದು. ಅವರು ನಕ್ಕಾಗ ನಗುವುದು. ಅವತ್ತು ಪತ್ರ ಬರೆಯುವ ಪಾಠ. ವಿಷಯ, ಉಲ್ಲೇಖ, ಮುಕ್ತಾಯ, ಸಹಿ. ತುಣುಕು ಯಾವಾಗ ಮುಗಿಯಿತೋ ನನಗೆ ತಿಳಿಯಲಿಲ್ಲ. ಸ್ನೇಹಿತರು ನನ್ನ ತೊಡೆ ತಟ್ಟಿ, “ಏನಪ್ಪಾ ಜಡ್ಜೇ, ಹೆಂಗಿತ್ತು?” ಎಂದರು.

“ಯುವರ್ಸ್ ಫೇತ್‌ಫುಲಿ,” ಎಂದೆ.

ಒಂದು ಕ್ಷಣ ಇಬ್ಬರೂ ನನ್ನನ್ನೇ ನೋಡಿದರು. ಆಮೇಲೆ ನಕ್ಕರು ನೋಡಿ, ಅಷ್ಟು ವರ್ಷದಲ್ಲಿ ಆ ಕಾರ್ಯಕ್ರಮಕ್ಕೆ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಸ್ನೇಹಿತರು ಕೆಮ್ಮಿ ಕೆಮ್ಮಿ ಬಗ್ಗಿಬಿಟ್ಟರು. ಮಾವ ನನ್ನ ಅಂಗೈ ಹಿಡಿದು ಬಿಡಿಸಿದರು. ಬೆವರಿಗೆ ಒದ್ದೆಯಾದ ಹಾಳೆ ಅಂಟಿಕೊಂಡಿತ್ತು.

“ಮತ್ತೆ ಕಟ್ಟಿದ್ದೀರಾ?”

“ಹೂಂ.” ಅವಮಾನಕ್ಕೋ ಸಿಟ್ಟಿಗೋ ಗೊತ್ತಿಲ್ಲ, ಮಾತು ಅಲ್ಲಿಗೇ ನಿಲ್ಲಲಿಲ್ಲ. “ಇದು ಕೊನೇ ಸಲ ಮಾವ. ಇದು ಹೋದ್ರೆ ಎಲ್ಲಾ ಹೋಯ್ತು. ವಾರಕ್ಕೆ ಒಂದೇ ಮಧ್ಯಾಹ್ನ ನಂಗಿರೋದು. ಅದನ್ನ ನಾನು ಇಲ್ಲಿ ಕೂತ್ಕೊಂಡು ಕಳೀತಿದೀನಿ. ಸ್ವಲ್ಪ ಕಾಲು ತೆಗೀರಿ, ನಾನು ಏಳ್ಬೇಕು.”

ಸ್ನೇಹಿತರು ಕೂಡಲೇ ಕಾಲು ಮಡಚಿಕೊಂಡರು. ಮಾವ ಟೀವಿಯ ಕಡೆ ತಿರುಗಿಕೊಂಡರು, ಸದ್ದನ್ನೂ ಕಡಿಮೆ ಮಾಡಲಿಲ್ಲ.

ಉಳಿದ ನಾಲ್ಕು ಭಾನುವಾರ ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತೆ. ನೆರಳು ಸರಿದ ಹಾಗೆ ನಾನೂ ಸರಿಯಬೇಕಿತ್ತು. ಅಲ್ಲಿಯೂ ಬಿಡುಗಡೆ ಸಿಗಲಿಲ್ಲ. ಕೆಳಗಿನ ವಾದವೆಲ್ಲ ಮೆಟ್ಟಿಲು ಹತ್ತಿ ಬರುತ್ತಿತ್ತು. ವೋಟು ಸಮವಾದಾಗ ಸ್ನೇಹಿತರು, “ಜಡ್ಜೇ, ಒಂದೇ ಒಂದು ನಿಮಿಷ!” ಎಂದು ಕೂಗುವರು. ನಾನು ಉತ್ತರ ಕೊಡುತ್ತಿರಲಿಲ್ಲ. ಆದರೆ ಕಿವಿ ಮುಚ್ಚಿಕೊಂಡರೂ ಯಾವ ತುಣುಕು ಎಂದು ಗೊತ್ತಾಗುತ್ತಿತ್ತು, ಯಾರು ಸರಿ ಎಂದೂ ಗೊತ್ತಾಗುತ್ತಿತ್ತು. ಓದಿದ ಸಾಲನ್ನೇ ಮತ್ತೆ ಮೊದಲಿನಿಂದ ಓದಬೇಕಾಗುತ್ತಿತ್ತು. ಮಾವ ಒಮ್ಮೆಯೂ ಕೂಗಲಿಲ್ಲ. ಊಟಕ್ಕೆ ಕೂತಾಗಲೂ ಆ ವಿಷಯ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಭಾರವಾಗಿತ್ತು. ಫೇಲಾದರೆ ಆ ಮನೆಯ ಮೆಟ್ಟಿಲು ಹೇಗೆ ಹತ್ತುವುದು ಎಂದು ಯೋಚಿಸುತ್ತಿದ್ದೆ.

ಪರೀಕ್ಷೆ ಕೆ.ಆರ್. ಪುರದ ಕಾಲೇಜೊಂದರಲ್ಲಿ ನಡೆಯಿತು. ಮೂರು ಗಂಟೆಯೂ ಬರೆದೆ, ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ತಿಂಗಳುಗಳ ನಂತರ ಆಫೀಸಿನ ಕಂಪ್ಯೂಟರಿನಲ್ಲಿ ಫಲಿತಾಂಶ ನೋಡಿದೆ. ಪಾಸು. ನಂಬರು ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಇನ್ನೆರಡು ಸಲ ಹಾಕಿ ನೋಡಿ, ಅಮ್ಮನಿಗೆ ಫೋನು ಮಾಡಿದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕೈಯೆತ್ತಿ ಕೊಟ್ಟದ್ದಲ್ಲ ಅದು.

ಕಾಗದ ಕೈಗೆ ಬರುವವರೆಗೆ ಮಾವನಿಗೆ ಹೇಳಬೇಡವೆಂದು ಹೆಂಡತಿಗೆ ಹೇಳಿದ್ದೆ. ಪ್ರಮಾಣಪತ್ರ ಕೈಗೆ ಬಂದದ್ದು ಒಂದು ಶನಿವಾರ. ಆ ರಾತ್ರಿ ಅದನ್ನು ಹೆಂಡತಿಗೆ ಮಾತ್ರ ತೋರಿಸಿದೆ. ಮರುದಿನ ಮಾವ ಒಬ್ಬರೇ ಊಟಕ್ಕೆ ಕೂತಿದ್ದಾಗ ಹೋಗಿ ಮುಂದೆ ಚಾಚಿದೆ. ಅವರು ಮುದ್ದೆ ಮುರಿಯುತ್ತಿದ್ದ ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡರು.

“ಇರಿ,” ಎಂದು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದರು. ಟವೆಲಿನಲ್ಲಿ ಬೆರಳಿನ ಸಂದಿಯನ್ನೂ ಒರೆಸಿಕೊಂಡು ಬಂದು, ಕನ್ನಡಕ ಹಾಕಿಕೊಂಡು, ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಹೋದರು. ನನ್ನ ಹೆಸರಿನಿಂದ ಕೊನೆಯ ಸಹಿಯವರೆಗೆ ಒಂದಕ್ಷರ ಬಿಡದೆ ಓದಿದರು.

“ಸೆಕೆಂಡ್ ಕ್ಲಾಸ್ ಅಂತಿದೆ,” ಎಂದರು. ಕಿಟಕಿಯ ಕಡೆಯಿಂದ ತಿರುಗದೆ, ನನ್ನ ಮುಖ ನೋಡದೆ ಮತ್ತೆ ಹೇಳಿದರು. “ಭಾನುವಾರ ನಾವು ನಿಮ್ಮನ್ನ ಓದೋಕೆ ಬಿಟ್ಟಿದ್ರೆ ಫಸ್ಟ್ ಕ್ಲಾಸೇ ಬರೋದು.”