ಎರಡು ಗಡಿಯಾರದ ಮೇಡಂ

ಅವರ ಎಡಗೈಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ಹೆಂಗಸರ ಚಿಕ್ಕ ಗಡಿಯಾರ, ಬಂಗಾರದ ಬಣ್ಣ ಹೋಗಿ ಒಳಗಿನ ತಗಡು ಕಾಣುತ್ತಿದ್ದದ್ದು. ಅದರ ಮೇಲೆ, ಮೊಣಕೈ ಕಡೆಗೆ, ಗಂಡಸರ ದೊಡ್ಡ ಗಡಿಯಾರ. ಚರ್ಮದ ಪಟ್ಟಿಗೆ ಅವರ ಸಣಕಲು ಕೈಗೆ ಆಗುವಂತೆ ಸೂಜಿಯಿಂದ ಎರಡು ತೂತು ಹೆಚ್ಚಿಗೆ ಮಾಡಿದ್ದರು. ಚಿಕ್ಕದು ದೆಹಲಿಯ ಸಮಯ ತೋರಿಸುತ್ತಿತ್ತು. ದೊಡ್ಡದು ಒಂಬತ್ತೂವರೆ ಗಂಟೆ ಹಿಂದೆ ಓಡುತ್ತಿತ್ತು. ನಾನು ಸೇರಿದ ಮೊದಲ ವಾರ, ಪಾಪ, ಮೇಡಂಗೆ ಗಡಿಯಾರ ಕೆಟ್ಟದ್ದೂ ಗೊತ್ತಾಗುತ್ತಿಲ್ಲ ಎಂದುಕೊಂಡು, "ಮೇಡಂ, ನಿಮ್ಮ ದೊಡ್ಡ ವಾಚು ತಪ್ಪು ತೋರಿಸ್ತಿದೆ" ಎಂದು ಹೇಳಿಯೂಬಿಟ್ಟೆ.

"ಅದು ಸರಿ ಉಂಟು. ತಪ್ಪು ಊರಲ್ಲಿರೂದು ನಾವು" ಎಂದರು.

ಎರಡು ಸಾವಿರದ ಐದರಲ್ಲಿ ದೆಹಲಿಯ ಹೌಜ್ ಖಾಸಿನ ಹತ್ತಿರದ ಸಂಸ್ಥೆಯೊಂದಕ್ಕೆ ನಾನು ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಹೋದೆ. ದಾವಣಗೆರೆಯಿಂದ ಹೋದವನಿಗೆ ಹಿಂದಿ ಬಾರದು, ಇಂಗ್ಲಿಷಿನಲ್ಲಿ ಜಗಳವಾಡಲು ಬಾರದು. ಮೆಸ್ಸಿನಲ್ಲಿ ದಿನಾ ರಾಜ್ಮಾ. ಆಟೋ ಭಯ್ಯಾಗಳು ನನ್ನ ಹಿಂದಿ ಕೇಳಿ ನಗುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಬಾಯಿಂದ ಒಂದೇ ಒಂದು ಮಾತೂ ಆಡಿಲ್ಲವೆಂದು ಹೊಳೆದು, ಕೋಣೆಯಲ್ಲಿ ಕೂತು ನನ್ನ ಹೆಸರನ್ನೇ ನಾನು ಗಟ್ಟಿಯಾಗಿ ಕರೆದುಕೊಂಡಿದ್ದೆ. ನಾಚಿಕೆಯ ಮಾತು, ಆದರೆ ನಿಜ. ಇಡೀ ವಿಭಾಗದಲ್ಲಿ ಕನ್ನಡ ಬರುತ್ತಿದ್ದದ್ದು ನನಗೆ ಮಾರ್ಗದರ್ಶಕರಾಗಿ ಸಿಕ್ಕ ಈ ಮೇಡಂಗೆ ಮಾತ್ರ. ಉಡುಪಿ ಕಡೆಯವರು. ವಯಸ್ಸು ಅರವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಕ್ಯಾಂಪಸ್ಸಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು.

ಸೋಮವಾರ ಹನ್ನೊಂದರೊಳಗೆ ಅವರು ಯಾರಿಗೂ ಸಿಗುತ್ತಿರಲಿಲ್ಲ. ಕೋಣೆಯ ಬಾಗಿಲು ಒಳಗಿನಿಂದ ಚಿಲಕ. ಪೂಜೆ ಮಾಡುತ್ತಾರೆ ಎಂದು ಪ್ಯೂನ್ ಹೇಳುತ್ತಿದ್ದ, ಧ್ಯಾನ ಎಂದು ಗುಮಾಸ್ತರು. ಒಂದು ಸೋಮವಾರ ಏನೋ ಸಹಿ ತುರ್ತಾಗಿ ಬೇಕಾಗಿ ನಾನು ಬಾಗಿಲು ಬಡಿದೇ ಬಡಿದೆ. ತೆರೆದರು. ಕಂಪ್ಯೂಟರಿನ ತುಂಬ ಅಂಕಿಗಳು. ಯಾವುದೋ ದೊಡ್ಡ ಸಂಶೋಧನೆ ಎಂದುಕೊಂಡು ನಾನು ಭಕ್ತಿಯಿಂದ ನಿಂತೆ.

"ಬೇಸ್‌ಬಾಲ್" ಎಂದರು ಮೇಡಂ, ಸಿಕ್ಕಿಬಿದ್ದ ಕಳ್ಳರ ಹಾಗೆ. "ಒಳಗೆ ಬಾ, ಬಾಗಿಲು ಹಾಕು."

ಆಟವೇನೆಂದರೆ ಇಷ್ಟು. ಅಮೆರಿಕದಲ್ಲಿ ನಿಜವಾಗಿ ಬೇಸ್‌ಬಾಲ್ ಆಡುವವರಲ್ಲಿ ಕೆಲವರನ್ನು ನೀವು ಹೆಸರಿನಲ್ಲಿ ಮಾತ್ರ ನಿಮ್ಮ ತಂಡಕ್ಕೆ ಆರಿಸಿಕೊಳ್ಳಬೇಕು. ಅವರು ಅಲ್ಲಿ ಮೈದಾನದಲ್ಲಿ ಮಾಡಿದ್ದು ಇಲ್ಲಿ ನಿಮ್ಮ ಲೆಕ್ಕಕ್ಕೆ. ಲೀಗಿನಲ್ಲಿ ಹನ್ನೆರಡು ಜನ. ವಾರಕ್ಕೊಬ್ಬ ಎದುರಾಳಿಯೊಡನೆ ನೇರ ಹಣಾಹಣಿ. ಹೊಡೆತ, ಓಟ, ಎಸೆತ ಹೀಗೆ ಹತ್ತು ವಿಭಾಗಗಳಲ್ಲಿ ಯಾರು ಹೆಚ್ಚು ಗೆಲ್ಲುತ್ತಾರೋ ವಾರ ಅವರದು. ಮೇಡಂ ಅಮೆರಿಕದಲ್ಲಿ ಓದುವಾಗ ಸಹಪಾಠಿಗಳೆಲ್ಲ ಸೇರಿ ಶುರುಮಾಡಿದ್ದು. ಎಂಬತ್ತರ ದಶಕದಲ್ಲಿ ಅವರು ಭಾರತಕ್ಕೆ ವಾಪಸು ಬಂದ ಮೇಲೆ ಟಪಾಲಿನಲ್ಲಿ ನಡೆಯಿತು, ಆಮೇಲೆ ಇಂಟರ್‌ನೆಟ್ಟಿನಲ್ಲಿ. ಇಪ್ಪತ್ತೊಂದು ವರ್ಷದಲ್ಲಿ ಮೇಡಂ ಒಮ್ಮೆಯೂ ಲೀಗ್ ಗೆದ್ದಿರಲಿಲ್ಲ.

"ಹತ್ತೂ ಗೆಲ್ಲಬೇಕು ಅಂತ ಹೊರಟವನು ಐದೂ ಗೆಲ್ಲೂದಿಲ್ಲ" ಎನ್ನುತ್ತಿದ್ದರು. "ಸೋಲುವ ನಾಲ್ಕನ್ನು ಮೊದಲೇ ಆರಿಸು. ಆಮೇಲೆ ಅದರ ಕಡೆ ತಿರುಗಿ ನೋಡ್ಬೇಡ." ಅವರು ಬಿಟ್ಟುಕೊಟ್ಟಿದ್ದರಲ್ಲಿ ಮೊದಲನೆಯದೇ ಹೋಮ್ ರನ್, ನಮ್ಮ ಕ್ರಿಕೆಟ್ಟಿನ ಸಿಕ್ಸರಿನಂಥದ್ದು. ಎಲ್ಲರೂ ಹೋಮ್ ರನ್ ಬಾರಿಸುವ ಭೀಮರ ಹಿಂದೆ ಬಿದ್ದಾಗ ಇವರು ಯಾರಿಗೂ ಬೇಡವಾದ, ಬರೀ ಓಡುವ ಸಣಕಲರನ್ನೂ, ಕಡಿಮೆ ರನ್ ಕೊಡುವ ಪಿಚರ್‌ಗಳನ್ನೂ, ಎಂದರೆ ಚೆಂಡು ಎಸೆಯುವವರನ್ನೂ ಆರಿಸಿಕೊಳ್ಳುತ್ತಿದ್ದರು. ಆರು–ನಾಲ್ಕು. ಅದೇ ಅವರ ಗುರಿ, ಪ್ರತಿ ವಾರ. ನನ್ನ ಪ್ರಬಂಧಕ್ಕೂ ಅದೇ ಮದ್ದು. ಐದು ಅಧ್ಯಾಯಗಳನ್ನೂ ಬೆಟ್ಟ ಮಾಡಲು ಹೊರಟು ನಾನು ಒಂದನ್ನೂ ಮುಗಿಸದೆ ಒದ್ದಾಡುತ್ತಿದ್ದಾಗ, "ಯಾವ ಎರಡು ಸುಮಾರಾಗಿದ್ರೆ ಸಾಕು, ಹೇಳು" ಎಂದು ಕೇಳಿದರು. ಹೇಳಿದೆ. ಉಳಿದ ಮೂರು ಎಂಟು ತಿಂಗಳಲ್ಲಿ ಮುಗಿದವು.

ಆ ಸೋಮವಾರದಿಂದ ನಾನೂ ಚಿಲಕದ ಒಳಗಿನವನಾದೆ. ಅಮೆರಿಕದ ಭಾನುವಾರದ ಆಟಗಳು ಮುಗಿಯುವುದು ನಮ್ಮ ಸೋಮವಾರ ಬೆಳಿಗ್ಗೆ. ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವರು. ಲೋಟ ಒಂದೇ ಇದ್ದದ್ದರಿಂದ ನನಗೆ ಫ್ಲಾಸ್ಕಿನ ಮುಚ್ಚಳದಲ್ಲಿ. ಅವರ ಮನೆಯಲ್ಲೂ ಹಾಗೆಯೇ, ತಟ್ಟೆ ಒಂದು, ಲೋಟ ಒಂದು. ನಾನು ಹೋದ ದಿನ ತಟ್ಟೆ ನನಗೆ ಕೊಟ್ಟು ಅವರು ಬಾಣಲೆಯಲ್ಲೇ ಉಣ್ಣುತ್ತಿದ್ದರು. ಇನ್ನೊಂದು ತಟ್ಟೆ ಕೊಳ್ಳಬಾರದೇ ಎಂದು ಕೇಳಬೇಕೆನಿಸಿತ್ತು, ಕೇಳಲಿಲ್ಲ.

ಆದರೆ ಬೇರೆಯೇ ಒಂದು ದಡ್ಡ ಪ್ರಶ್ನೆ ಕೇಳಿದೆ. "ಇಷ್ಟು ವರ್ಷ ಗೆಲ್ಲದೇ ಇರೋ ಆಟ ಯಾಕೆ ಆಡ್ತೀರಿ ಮೇಡಂ?"

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. "ನೋಡು, ಪ್ರತಿ ವಾರ ಎಲ್ಲಿಯೋ ಒಬ್ಬ ಮನುಷ್ಯ, ಇವಳನ್ನು ಹೇಗೆ ಸೋಲಿಸೂದು ಅಂತ ಏಳು ದಿವಸ ನನ್ನನ್ನೇ ನೆನೆಸ್ತಾನೆ. ಬೇರೆ ಯಾರು ನೆನೆಸ್ತಾರೆ ಮಾರಾಯ?" ಎಂದರು. ನಾನು ಮುಚ್ಚಳದ ಕಾಫಿ ಕುಡಿದೆ.

ಆ ಮನುಷ್ಯರಲ್ಲಿ ಮುಖ್ಯನಾದವನು ಒಹಾಯೊದಲ್ಲಿದ್ದ. ಮೇಡಂ ಜೊತೆ ಒಂದೇ ಕೋಣೆಯಲ್ಲಿ ಕೂತು ಸಂಶೋಧನೆ ಮಾಡಿದವನು. ದೊಡ್ಡ ಗಡಿಯಾರ ಅವನ ಊರಿನ ಸಮಯವೇ. ಲೀಗಿನ ಪುಟದಲ್ಲಿ ಆಟಗಾರರು ಪರಸ್ಪರ ಬರೆದುಕೊಳ್ಳಲು ಒಂದು ಜಾಗವಿತ್ತು. ಅವನು ಅಲ್ಲಿ ಬರೆದರೆ ಎರಡು ಶಬ್ದ, ಮೂರು ಶಬ್ದ. "ಚೆನ್ನಾಗಿ ಆಡಿದೆ." "ಇಲ್ಲಿ ಹಿಮ." ಅಷ್ಟೇ. ಆ ಎರಡು ಶಬ್ದ ಬಂದ ದಿನ ಮೇಡಂ ತರಗತಿಯಲ್ಲಿ ಜೋಕು ಹೇಳುತ್ತಿದ್ದರು. ಅವರಿಬ್ಬರ ನಡುವೆ ಏನಿತ್ತೋ ಏನಿರಲಿಲ್ಲವೋ ನಾನು ಕೇಳಿದವನಲ್ಲ. ಅವನಿಗೆ ಹೆಂಡತಿ, ಮೊಮ್ಮಕ್ಕಳು ಇದ್ದರೆಂದು ಮಾತ್ರ ಗೊತ್ತು.

ನಾನು ಹೋಗಿ ಎರಡು ವರ್ಷದ ಮೇಲೆ, ಸೆಪ್ಟೆಂಬರಿನಲ್ಲಿ, ಮೇಡಂ ಫೈನಲ್ಲಿಗೆ ಬಂದರು. ಎದುರಾಳಿ ಒಹಾಯೊದವನೇ. ವಾರದ ಎರಡನೆಯ ದಿನ ಮೇಡಂ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿದರು. ಪ್ರಜ್ಞೆ ಬಂದ ಮೇಲೆ ನನ್ನನ್ನು ಕರೆದು ಒಂದು ಚೀಟಿಯಲ್ಲಿ ಲೀಗಿನ ಪಾಸ್‌ವರ್ಡ್ ಬರೆದುಕೊಟ್ಟರು. "ಯಾರಿಗೂ ಹೇಳ್ಬೇಡ. ಬಿದ್ದಿದ್ದಾಳೆ ಅಂತ ಗೊತ್ತಾದ್ರೆ ಅವನು ಕನಿಕರದಲ್ಲಿ ಸೋಲ್ತಾನೆ. ಅಂಥ ಗೆಲುವು ನನಗೆ ಬೇಡ."

ನಾಲ್ಕು ದಿನ ನಾನೇ ಆ ತಂಡವನ್ನು ನಡೆಸಿದೆ. ಅಲ್ಲಿ ಸಂಜೆ ಏಳಕ್ಕೆ ಆಟವೆಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ನಾನು ನಾಲ್ಕಕ್ಕೇ ಎದ್ದು ವಿಭಾಗಕ್ಕೆ ಹೋಗಿ, ಆಡುವವರನ್ನು ಒಳಗಿಟ್ಟು ಉಳಿದವರನ್ನು ಬೆಂಚಿಗೆ ಹಾಕಿ, ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ವರದಿ ಒಪ್ಪಿಸುತ್ತಿದ್ದೆ. ನನ್ನ ಶಿಸ್ತನ್ನು ನಾನೇ ಮೆಚ್ಚಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಆರು–ನಾಲ್ಕು, ನಾವು ಮುಂದೆ. ಆ ಆರರಲ್ಲಿ ಎರಡು ವಿಭಾಗ ಪಿಚರ್‌ಗಳ ಸರಾಸರಿಯವು, ಕೂದಲೆಳೆಯಷ್ಟು ಮುನ್ನಡೆ. ಸರಾಸರಿಯ ಗುಣವೇ ಅದು, ಆಡದೆ ಸುಮ್ಮನೆ ಕೂತರೆ ಉಳಿಯುತ್ತದೆ, ಆಡಿದರೆ ಕೆಡಬಹುದು.

"ಇವತ್ತು ಪಿಚರ್‌ಗಳನ್ನೆಲ್ಲ ಬೆಂಚಿಗೆ ಹಾಕು. ಒಬ್ಬನೂ ಆಡೂದು ಬೇಡ" ಎಂದರು ಮೇಡಂ. "ಮೊದಲ ಆಟ ಶುರುವಾದ್ರೆ ಯಾರನ್ನೂ ತೆಗೀಲಿಕ್ಕಾಗೂದಿಲ್ಲ, ಗೊತ್ತುಂಟಲ್ಲ? ಗಡಿಯಾರ ನೋಡ್ಕೋ."

"ಗೊತ್ತು ಮೇಡಂ. ನೀವು ಮಲಗಿ."

ಹಾಸ್ಟೆಲಿನಲ್ಲಿ ಆ ದಿನ ಇಂಟರ್‌ನೆಟ್ ಇರಲಿಲ್ಲ. ವಿಭಾಗಕ್ಕೆ ನಡೆಯಲು ಸೋಮಾರಿತನ. ನಾಲ್ಕಕ್ಕೆ ಏಳುವುದು ಹೇಗೂ ಇದ್ದೇ ಇದೆಯಲ್ಲ ಎಂದು ಉಂಡು ಮಲಗಿದೆ. ಅಲಾರಂಗಿಂತ ಮೊದಲೇ ಎದ್ದು, ಹೋಗಿ ಪುಟ ತೆರೆದೆ.

ಭಾನುವಾರ ಅಮೆರಿಕದಲ್ಲೂ ರಜೆಯಲ್ಲವೇ? ಆ ದಿನ ಆಟ ಅಲ್ಲಿ ಮಧ್ಯಾಹ್ನ ಒಂದಕ್ಕೇ ಶುರು. ನಮಗೆ ರಾತ್ರಿ ಹತ್ತೂವರೆ. ನಾನು ಗೊರಕೆ ಹೊಡೆಯುತ್ತಿದ್ದಾಗ ಮೇಡಂ ಅವರ ಇಬ್ಬರು ಪಿಚರ್‌ಗಳು ಆಡಿದ್ದರು. ಅವರಲ್ಲೊಬ್ಬ ಎರಡೇ ಇನಿಂಗ್ಸಿನಲ್ಲಿ ಎಂಟು ರನ್ ಕೊಟ್ಟಿದ್ದ. ಎರಡೂ ಸರಾಸರಿ ಹೋಗಿದ್ದವು. ನಾಲ್ಕು–ಆರು. ಕೊನೆಯ ಆಟಗಳು ಮುಗಿಯುವವರೆಗೆ, ಹತ್ತು ಗಂಟೆಯವರೆಗೆ, ಅಲ್ಲೇ ಕೂತೆ. ಏನೂ ಬದಲಾಗಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದವರನ್ನು ನಾನು ನಿದ್ದೆ ಮಾಡಿ ಸೋಲಿಸಿದ್ದೆ. ಥೂ ನನ್ನ ಜನ್ಮಕ್ಕೆ ಎಂದು ಗಟ್ಟಿಯಾಗಿ ಬೈದುಕೊಂಡೆ.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ನಿಜ ಹೇಳಬೇಕೆಂದೇ ಇದ್ದೆ. ಅವರು ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ, ಬಾಗಿಲನ್ನೇ ನೋಡುತ್ತಿದ್ದರು.

"ಗೆದ್ರಿ ಮೇಡಂ" ಎಂದೆ. "ಆರು–ನಾಲ್ಕು."

ಅವರು ನನ್ನ ಮುಖವನ್ನೇ ನೋಡಿದರು. "ಅಚ್ಛಾ" ಎಂದರು. ದಿಂಬು ಸರಿಮಾಡಿಕೊಂಡು, "ಎರಡೂ ಸರಾಸರಿ ಉಳೀತಾ?"

"ಕೂದಲೆಳೆಯಲ್ಲಿ ಉಳೀತು."

"ಅವನು ಎಂತ ಬರ್ದ?"

ಅಷ್ಟು ದೂರ ನಾನು ಯೋಚಿಸಿರಲಿಲ್ಲ. "'ಕೊನೆಗೂ ನೀನು ಗೆದ್ದೆ. ಈ ದಿನಕ್ಕಾಗಿ ನಾನೂ ಕಾಯ್ತಿದ್ದೆ' ಅಂತ ಬರ್ದಿದಾರೆ ಮೇಡಂ."

"ಅಷ್ಟುದ್ದ ಬರ್ದನಾ!" ಎಂದು ನಕ್ಕರು. ನಗುವಾಗ ಸೊಂಟ ನೋಯಿತೇನೋ, ಕಣ್ಣಲ್ಲಿ ನೀರು ಬಂತು.

ನವೆಂಬರಿನಲ್ಲಿ ಕೋಲು ಹಿಡಿದು ನಡೆಯುವಂತಾದಾಗ ನನ್ನನ್ನು ಊಟಕ್ಕೆ ಕರೆದುಕೊಂಡು ಹೋದರು. ಕುಂದಾಪುರದವರೊಬ್ಬರ ಹೋಟೆಲು. "ಬನ್ನಿ ಅಕ್ಕ, ಎಷ್ಟು ಸಮಯ ಆಯ್ತು!" ಎಂದು ಮಾಲೀಕರೇ ಎದ್ದು ಬಂದರು. "ಇವನು ನನ್ನನ್ನು ಗೆಲ್ಲಿಸಿದ ಹುಡುಗ. ಇವನಿಗೆ ಬೇಕಾದ್ದು ಕೊಡಿ" ಎಂದರು ಮೇಡಂ. ಎರಡು ಮಸಾಲೆ ದೋಸೆ, ಶಿರಾ, ಮತ್ತೆ ಒಂದು ದೋಸೆ. ತಲೆ ತಗ್ಗಿಸಿ ಎಲ್ಲವನ್ನೂ ತಿಂದೆ. ಕಾಫಿ ಬಂದಾಗ ಅವರು ದೊಡ್ಡ ಗಡಿಯಾರ ಬಿಚ್ಚಿ ನನ್ನ ತಟ್ಟೆಯ ಪಕ್ಕ ಇಟ್ಟರು.

"ಬೇಡ ಮೇಡಂ."

"ಇಟ್ಕೋ. ಅಲ್ಲಿ ಮೊನ್ನೆ ಸಮಯ ಬದಲಾಯ್ತು, ಒಂದು ಗಂಟೆ ಹಿಂದೆ ತಿರುಗಿಸಿದ್ದೇನೆ. ಮಾರ್ಚಿನಲ್ಲಿ ನೀನೇ ಮುಂದೆ ತಿರುಗಿಸು."

ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಚಳಿಗಾಲವಿಡೀ ಆ ಗಡಿಯಾರ ನನ್ನ ಟ್ರಂಕಿನಲ್ಲಿ ಇತ್ತು. ಲೀಗಿನ ಪುಟವನ್ನಂತೂ ನಾನು ಮತ್ತೆ ತೆರೆಯಲೇ ಇಲ್ಲ.

ಜನವರಿಯ ಮಂಜಿನಲ್ಲಿ ಮೇಡಂಗೆ ನ್ಯುಮೋನಿಯಾ ಆಯಿತು. ಒಂಬತ್ತು ದಿನ ಇದ್ದರು. ಮುಂಬೈಯಿಂದ ಅಣ್ಣನ ಮಗ ಬಂದ. ಚಿತಾಗಾರದಲ್ಲಿ ನಾವು ಏಳು ಜನ ಇದ್ದೆವು, ಹೋಟೆಲಿನವರೂ ಸೇರಿ. ವಾಪಸು ಬಂದು ಅವರ ಮನೆ ಖಾಲಿ ಮಾಡುವಾಗ ಅಡುಗೆಮನೆಯ ಗೂಡಿನಲ್ಲಿ ಎರಡು ತಟ್ಟೆ, ಎರಡು ಲೋಟ ಕಂಡವು. ಎರಡನೆಯ ಲೋಟದ ಚೀಟಿ ಇನ್ನೂ ಕಿತ್ತಿರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಮಾರ್ಚ್ ತಿಂಗಳಲ್ಲಿ, ಹೊಸ ಋತು ಶುರುವಾಗುವ ಮುಂಚೆ, ಲೀಗಿಗೆ ಸುದ್ದಿ ತಿಳಿಸಲೇಬೇಕಾಗಿತ್ತು. ಚೀಟಿಯ ಪಾಸ್‌ವರ್ಡ್ ಹಾಕಿ ಪುಟ ತೆರೆದೆ. ಮಾತಿನ ಜಾಗದಲ್ಲಿ ಸೆಪ್ಟೆಂಬರಿನ ಆ ಸೋಮವಾರ ಮಧ್ಯಾಹ್ನ ಮೇಡಂ ಹೆಸರಿನಲ್ಲೇ ಬರೆದ ಒಂದು ಓಲೆಯಿತ್ತು. ಇಂಗ್ಲಿಷಿನಲ್ಲಿದ್ದದ್ದು ಹೀಗೆ:

"ಗೆದ್ದವನು ನೀನು. ಅಭಿನಂದನೆ. ಬಿದ್ದು ಆಸ್ಪತ್ರೆಯಲ್ಲಿದ್ದೇನೆ, ಡಾಕ್ಟರರ ಲ್ಯಾಪ್‌ಟಾಪಿನಲ್ಲಿ ಬೆಳಿಗ್ಗೆಯೇ ಫಲಿತಾಂಶ ನೋಡಿದೆ. ಭಾನುವಾರದ ಆಟ ಮಧ್ಯಾಹ್ನ ಎಂದು ನನ್ನ ವಿದ್ಯಾರ್ಥಿಗೆ ಬಿಡಿಸಿ ಹೇಳದೆ ಇದ್ದದ್ದು ನನ್ನದೇ ತಪ್ಪು. ಅವನು ಈಗ ತಾನೇ ಬಂದು ನಾನು ಗೆದ್ದೆ ಎಂದು ಹೇಳಿ ಹೋದ. ಕಿವಿ ಕೆಂಪಾಗಿತ್ತು. ನನ್ನ ಮನಸ್ಸು ನೋಯಬಾರದೆಂದು ಒಬ್ಬರು ಸುಳ್ಳು ಹೇಳಿ ಎಷ್ಟು ವರ್ಷವಾಯಿತೋ. ನನಗೆ ನಿಜ ಗೊತ್ತಿದೆಯೆಂದು ದಯವಿಟ್ಟು ಅವನಿಗೆ ತೋರಿಸಬೇಡ. ಈ ಒಂದು ಸಲ ನೀನು ಸೋತವನಾಗಿರು."

ಅದರ ಕೆಳಗೆ ಒಹಾಯೊದವನ ಉತ್ತರ. ಎರಡೇ ಶಬ್ದ: "ಸರಿ. ಸೋತೆ."

ಎರಡನ್ನೂ ಮತ್ತೆ ಮೊದಲಿನಿಂದ ಓದಿದೆ. ಅಂದು ಹೋಟೆಲಿನಲ್ಲಿ ನನ್ನೆದುರು ಕೂತು ಶಿರಾ ತಿನ್ನಿಸಿದವರಿಗೆ ಎಲ್ಲವೂ ಗೊತ್ತಿತ್ತು. ಕೊನೆಗೆ ಮೇಡಂ ತೀರಿಕೊಂಡ ಸುದ್ದಿ ಬರೆದೆ. ಆ ಭಾನುವಾರ ನಿದ್ದೆ ಮಾಡಿದವನು ನಾನೇ ಎಂದೂ, ಒಹಾಯೊ ಸಮಯದ ಅವರ ಗಡಿಯಾರ ಈಗ ನನ್ನ ಕೈಯಲ್ಲಿದೆಯೆಂದೂ, ಲೀಗಿನವರು ಒಪ್ಪಿದರೆ ಅವರ ತಂಡವನ್ನು ನಾನು ನಡೆಸುತ್ತೇನೆಂದೂ ಬರೆದೆ. ಎರಡು ದಿನದ ಮೇಲೆ ಲೀಗಿನವರು ಒಪ್ಪಿದರು.

ಏಪ್ರಿಲಿನ ಮೊದಲ ವಾರ ನನ್ನ ಎದುರಾಳಿಯಾಗಿ ಬಂದವನು ಅವನೇ. ವಾರವಿಡೀ ಮಾತಿಲ್ಲ. ಶನಿವಾರ ಅವನದೊಂದು ಸಾಲು ಬಂತು. ನಾನು ಕಂಡಂತೆ ಅವನು ಬರೆದ ಅತಿ ಉದ್ದದ ಮಾತು ಅದು: "ನಾಳೆ ಭಾನುವಾರ. ಆಟ ಮಧ್ಯಾಹ್ನವೇ ಶುರು. ಅವಳ ಗಡಿಯಾರ ನೋಡಿಕೊಂಡು ಮಲಗು."