ಬಂಗಲೆಯ ಕೊಳದ ಚೀನಾ ಬಾತು

ಮೊನ್ನೆ ಮೈಸೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ, ಗಾಜಿನ ಡಬ್ಬಿಯೊಳಗೆ ಬೀಸಣಿಗೆಯಂಥ ಕಿತ್ತಳೆ ಬಣ್ಣದ ಗರಿ ಕಂಡಿತು. ಬೇಕೆನಿಸಿದ ವಸ್ತುವನ್ನು ಮೊದಲು ಮುಟ್ಟಬೇಡಿ, ಬೆಲೆ ಏರುತ್ತದೆ. ಇದು ನಾನು ಎಲ್ಲರಿಗೂ ಹೇಳುವ ಮಾತು. ಅಂದು ನಾನೇ ಮುಟ್ಟಿಬಿಟ್ಟೆ.

ಐವತ್ತರ ದಶಕದಲ್ಲಿ ನಾನು ಹುಣಸೂರಿನ ಸುತ್ತ ಕೋಳಿ ವ್ಯಾಪಾರ ಮಾಡುತ್ತಿದ್ದೆ. ಊರಾಚೆಯ ಬಂಗಲೆಯ ದೊರೆ, ಆ ಚಳಿಗಾಲದಲ್ಲಷ್ಟೇ ತರಿಸಿದ್ದ ಒಂದು ಜೊತೆ ಚೀನಾ ಬಾತುಗಳನ್ನು ಮಾಲಿಯ ವಶಕ್ಕೆ ಬಿಟ್ಟು ತನ್ನ ದೇಶಕ್ಕೆ ಹೊರಟುಹೋದ. ಗಂಡು ಬಣ್ಣ ಬಳಿದ ಬೊಂಬೆಯಂತಿತ್ತು, ಬೆನ್ನ ಮೇಲೆ ಅಂಥದೇ ಕಿತ್ತಳೆ ಬೀಸಣಿಗೆ ಗರಿ. ಹೆಣ್ಣಿಗೆ ಬೂದಿ ಮೈ, ಕಣ್ಣ ಸುತ್ತ ಬಿಳಿ ಗೆರೆ. ಬೇಸಿಗೆಯಲ್ಲಿ ಹೆಣ್ಣು ಸತ್ತಿತು. ಮಾಲಿ ಅದಕ್ಕೆ ವಿಭೂತಿ ಹಚ್ಚಿ, ತಮ್ಮವರನ್ನು ಹೂಳುವಂತೆ ಕೂರಿಸಿ ಹೂತು, ಮೂರನೇ ದಿನ ಹಾಲುತುಪ್ಪ ಬಿಟ್ಟರು.

“ಹಕ್ಕಿಗೂ ಹಾಲುತುಪ್ಪವಾ ಅಯ್ಯ? ತಿಥಿ ಊಟಕ್ಕೆ ಯಾವತ್ತು ಬರ್ಲಿ?” ಎಂದು ನಕ್ಕಿದ್ದೆ.

“ನನ್ ಕೈಲಿ ಉಂಡವ್ಳು ಕಣಪ್ಪ. ಸುಮ್ನೆ ಎಸಿಯಕ್ಕಾಯ್ತದಾ?”

ಒಂಟಿ ಹಕ್ಕಿ ಕೊರಗಿ ಸಾಯುತ್ತದೆ, ಮಾರಿಬಿಡಿ ಎಂದು ಅವರ ಬೆನ್ನು ಬಿದ್ದೆ. ಮಿರ್ಲೆಯಲ್ಲಿ ಗಿರಾಕಿಯನ್ನೂ ಹುಡುಕಿದ್ದೆ. ದೊರೆ ಕೇಳಿದರೆ ಏನು ಹೇಳಲಿ ಎಂದು ಅಳುಕುತ್ತಲೇ ಒಪ್ಪಿದರು.

ಮುಂಗಾರು ಹಿಡಿದ ಮೇಲೆ ಪಂಜರ ತೆಗೆದುಕೊಂಡು ಹೋದೆ. ಕೊಳದಲ್ಲಿ ಗಂಡು ಇರಲಿಲ್ಲ. ಸತ್ತ ಹೆಣ್ಣು ಈಜುತ್ತಿತ್ತು. ಅದೇ ಬೂದಿ ಮೈ, ಅದೇ ಬಿಳಿ ಗೆರೆ. ಸದ್ದಿಲ್ಲದೆ ಒಂದು ಸುತ್ತು, ಮತ್ತೆ ಅದೇ ಸುತ್ತು…

“ಗಂಡನ್ನ ಬೇರೆಯವ್ರಿಗೆ ಮಾರಿ, ಎಲ್ಲಿಂದ್ಲೋ ಹೆಣ್ಣು ತಂದು ಬುಟ್ಟಿದ್ದೀರಿ,” ಎಂದೆ.

ಅವರು ಗುದ್ದಲಿ ತಂದು ಹೂತ ಜಾಗ ಅಗೆದರು. ಕೂರಿಸಿದ ಹಾಗೆಯೇ ಇತ್ತು… ಮೂಳೆ, ನಾಲ್ಕು ಬೂದಿ ಗರಿ. ಇಬ್ಬರೂ ಒಟ್ಟಿಗೆ ಕೊಳದ ಕಡೆ ತಿರುಗಿದೆವು. ಹಕ್ಕಿ ಈಜುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿತ್ತು.

“ಮಾರ್ತೀವಿ ಅಂತ ತಿಳ್ಕಂಡು ಬಂದವ್ಳೆ. ಗಂಡನ್ನ ಆಚೆಗೆ ಕಳ್ಸಿ ತಾನು ಕುಂತವ್ಳೆ,” ಎಂದರು ಮೆಲ್ಲಗೆ.

ನನಗೂ ಹಾಗೆಯೇ ಅನ್ನಿಸಿತ್ತು. ಆದರೂ ಗಿರಾಕಿಯ ಮುಂದೆ ನನ್ನ ಮಾತು ಉಳಿಯಬೇಕಿತ್ತು. ಮಾಲಿ ಹಕ್ಕಿ ಕದ್ದು ಮಾರಿದ ಎಂದು ಪೇಟೆಯಲ್ಲೆಲ್ಲ ಹೇಳಿದೆ. ವಾರದೊಳಗೆ ಅವರು ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು ಊರು ಬಿಟ್ಟರು.

ದೀಪಾವಳಿಯ ಹೊತ್ತಿಗೆ ಆ ದಾರಿಯಲ್ಲಿ ಹೋದೆ. ಕೊಳದಲ್ಲಿ ಹೆಣ್ಣಿರಲಿಲ್ಲ. ಬಣ್ಣದ ಗಂಡು ಒಂಟಿಯಾಗಿ ಈಜುತ್ತಿತ್ತು.

ಆ ಜಾತಿಯ ಗಂಡು ವರ್ಷಕ್ಕೊಮ್ಮೆ ಬಣ್ಣದ ಗರಿ ಉದುರಿಸಿ ಕೆಲವು ತಿಂಗಳು ಹೆಣ್ಣಿನಂತೆಯೇ ಕಾಣುತ್ತದೆ, ಕೊಕ್ಕು ಮಾತ್ರ ಹೆಣ್ಣಿನಂತೆ ಬೂದಿಯಾಗದೆ ಕೆಂಪಾಗಿಯೇ ಉಳಿಯುತ್ತದೆ ಎಂದು ಪಶುವೈದ್ಯರೊಬ್ಬರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಕೊಕ್ಕು ನೋಡದೆ ಕೋಳಿ ಕೊಂಡವನಲ್ಲ ನಾನು. ಅಂದು ಆ ಕೆಂಪು ಕೊಕ್ಕನ್ನೂ ನೋಡಿದ್ದೆ…

ಮಾಲಿಯನ್ನು ಹುಡುಕಿ ಹೋಗಿ ಹೇಳೋಣವೆಂದರೆ, ಭೇರ್ಯದವರು ಎಂದರು ಕೆಲವರು, ಕೋಟೆ ಕಡೆಯವರು ಎಂದರು ಇನ್ನು ಕೆಲವರು. ಅವರ ಊರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಅವರು ಇರಲಾರರು. ಕೊಳ ಮುಚ್ಚಿ ಮನೆಗಳೆದ್ದಿವೆ. ಹಳಬರು ಮಾತ್ರ ಆ ಜಾಗವನ್ನು ಇಂದಿಗೂ ಕಳ್ಳಮಾಲಿ ಕೊಳ ಎನ್ನುತ್ತಾರೆ. ಆ ಹೆಸರಿಟ್ಟವನು ನಾನು.