ಆಲಿವ್ ಎಲೆಯ ಬೂದಿ

ಇವತ್ತು ಬೆಳಿಗ್ಗೆ ಅವ್ವ ಒಲೆಯ ಬೂದಿಯನ್ನು ಜರಡಿ ಹಿಡಿದು ಮಗ್ಗದ ಪಕ್ಕಕ್ಕಿಟ್ಟಳು. ನಮ್ಮ ಮೊಳಕಾಲ್ಮೂರಿನಲ್ಲಿ ಸೀರೆಯ ಹಾಸು, ಅಂದರೆ ಮಗ್ಗಕ್ಕೆ ಬಿಗಿದ ಉದ್ದದ ಎಳೆಗಳು, ಮುಗಿದರೆ ಹೊಸ ರೇಷ್ಮೆ ಎಳೆಗಳನ್ನು ಹಳೆಯವುಗಳ ತುದಿಗೆ ಒಂದೊಂದಾಗಿ ಹೊಸೆಯಬೇಕು. ಎಳೆ ಜಾರದಿರಲೆಂದು ಬೆರಳಿಗೆ ಬೂದಿ. ಅದನ್ನು ಮುಟ್ಟಿದ್ದೇ ತಡ, ಮಾಲ್ಟಾದ ಆ ಅಜ್ಜಿ ನೆನಪಾದಳು...

ಚಳ್ಳಕೆರೆಯಲ್ಲಿ ನರ್ಸಿಂಗ್ ಕಲಿತು, ಮಾಲ್ಟಾ ದ್ವೀಪದಲ್ಲಿ ಅವಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿದ್ದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಮೆಟ್ಟಿಲು. ಸೊಂಟ ಮುರಿದ ಮೇಲೆ ಅಜ್ಜಿ ನಾಲ್ಕು ವರ್ಷದಿಂದ ಕೆಳಗಿಳಿದಿರಲಿಲ್ಲ. ಹೊರಗೆ ಕರೆದೊಯ್ಯಕೂಡದೆಂದು ಅವಳ ಮಗನ ಕಟ್ಟಪ್ಪಣೆ. ನನ್ನ ವೀಸಾ ನಿಂತಿದ್ದದ್ದು ಅವನ ಸಹಿಯ ಮೇಲೆ. ಹಾಗಾಗಿ ಸಿಕ್ಕಿಬಿದ್ದವರು ನಾವಿಬ್ಬರೂ.

ಕಿಟಕಿಯಲ್ಲಿ ಕಾಣುತ್ತಿದ್ದುದು ಚರ್ಚಿನ ಎರಡು ಗಡಿಯಾರ. ಒಂದು ಸರಿ, ಇನ್ನೊಂದು ಬೇಕೆಂದೇ ತಪ್ಪು. ಸೈತಾನನಿಗೆ ಪೂಜೆಯ ಹೊತ್ತು ತಿಳಿಯಬಾರದಂತೆ! "ಅವನಿಗೆ ಸುತ್ತಲು ಬೇಕಾದಷ್ಟು ಊರಿವೆ. ಗಡಿಯಾರ ನೋಡುತ್ತ ಕೂತವಳು ನಾನೊಬ್ಬಳೇ," ಎಂದು ನನಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿ ಅಜ್ಜಿ ನಗುತ್ತಿದ್ದಳು.

ಹಬ್ಬ ಬಂದರೆ ಅಲ್ಲಿ ಚರ್ಚಿನ ಒಳಗೋಡೆ, ಕಂಬಗಳಿಗೆಲ್ಲ ಕೆಂಪು ರೇಷ್ಮೆ ಉಡಿಸುತ್ತಾರೆ. ಹರಿದದ್ದನ್ನು ಸರಿಮಾಡಿಕೊಡುತ್ತಿದ್ದವಳು ಅಜ್ಜಿ. ಆ ವರ್ಷವೂ ಒಂದು ತುಂಡು ಮನೆಗೆ ಬಂತು, ಆದರೆ ಅವಳ ಕಣ್ಣು ಮಂಜಾಗಿತ್ತು. ನಾನು ನೇಕಾರರ ಮಗಳು, ಕೈ ಸುಮ್ಮನಿದ್ದೀತೇ? ಎಳೆ ಹೊಸೆಯಲು ತಟ್ಟೆಯಲ್ಲಿದ್ದ ಬೂದಿ ತೆಗೆದುಕೊಂಡೆ. ಚರ್ಚಿನಲ್ಲಿ ಮಂತ್ರಿಸಿ ಕೊಟ್ಟ ಆಲಿವ್ ಎಲೆಯನ್ನು ಮನೆಯ ಒಳಿತಿಗೆಂದು ಅಜ್ಜಿ ಸುಟ್ಟ ಬೂದಿ ಅದು ಎಂದು ಹೊಳೆಯುವ ಹೊತ್ತಿಗೆ ಬೆರಳೆಲ್ಲ ಬೆಳ್ಳಗಾಗಿತ್ತು. ಕೈ ಹಿಂದಕ್ಕೆಳೆದುಕೊಂಡೆ. ಅಜ್ಜಿ ನನ್ನ ಕೈಯನ್ನೇ ನೋಡಿದಳು. ಆಮೇಲೆ ತನ್ನ ಹೆಬ್ಬೆರಳನ್ನೂ ಅದರಲ್ಲಿ ಅದ್ದಿ ಎಳೆ ಹಿಡಿದಳು.

"ಇದನ್ನು ಕಂಬದ ಮೇಲೆ ನೋಡಬೇಕು. ಹಬ್ಬದ ದಿನ ಒಂದೇ ಒಂದು ಸಲ ಕೆಳಗಿಳಿಸು," ಅಂದಳು. ನೋಡೋಣ ಅಂದೆ.

ಹಬ್ಬದ ಬೆಳಿಗ್ಗೆ ಹೆದರಿ ಅವ್ವನಿಗೆ ಫೋನ್ ಮಾಡಿದೆ. "ಹೋದ ಕೆಲ್ಸ ನೋಡ್ಕಳೇ. ಮಗ ಬ್ಯಾಡ ಅಂದ ಮ್ಯಾಲೆ ಮುಗೀತು. ಇಲ್ದಿದ್ದು ಯಾಕೆ ಮೈಮ್ಯಾಲೆ ಎಳ್ಕಂತೀಯ?" ಅಂದಳು. ಅಜ್ಜಿ ಹೇಳಿಟ್ಟಿದ್ದರಿಂದ ಪಕ್ಕದ ಮನೆಯವರು ಕುರ್ಚಿ ಸಮೇತ ಇಳಿಸಲು ಬಂದು ಬಾಗಿಲು ತಟ್ಟಿದರು. ಅಜ್ಜಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ವಾಪಸು ಕಳಿಸಿದೆ. ಅವಳು ಕಪ್ಪು ಗೌನು ತೊಟ್ಟು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಒಳಗೆ ಕೂತೇ ಇದ್ದಳು. ಎಲ್ಲ ಕೇಳಿಸಿರಬೇಕು. ಸಂಜೆ ಬ್ಯಾಂಡು ಬೀದಿ ದಾಟಿ ಹೋಯಿತು. "ಮುಂದಿನ ವರ್ಷ ಅಜ್ಜಿ," ಎಂದೆ. ಅವಳು ಕೈಚೀಲವನ್ನು ನನ್ನ ಕೈಗೆ ಕೊಟ್ಟಳು, ಅಷ್ಟೆ.

ಮುಂದಿನ ಹಬ್ಬಕ್ಕೆ ಮೊದಲೇ ಹೋಗಿಬಿಟ್ಟಳು. ಶವದ ಪೆಟ್ಟಿಗೆಯನ್ನು ನಾಲ್ವರು ಅದೇ ಮೆಟ್ಟಿಲಲ್ಲಿ ಓರೆ ಮಾಡಿಕೊಂಡು ಇಳಿಸಿದರು. ಐದು ನಿಮಿಷವೂ ಹಿಡಿಯಲಿಲ್ಲ... ಹೇಡಿ ನಾನು. ಊರಿಗೆ ಮರಳಿದ ಮೇಲೆ ಆ ಸುಳ್ಳನ್ನು ಇಲ್ಲಿ ಯಾರಿಗೂ ಹೇಳಿಲ್ಲ, ಅವ್ವನಿಗೂ.

"ಏನೇ, ಕೈ ನಿಂತೈತಲ್ಲ?" ಅಂದಳು ಅವ್ವ.

ಏನಿಲ್ಲ ಅಂದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ. ಸಾಕೆನಿಸಿದರೆ ಕೈಯೂರಿ ಎದ್ದು ಹೊರಗೆ ಬರುತ್ತೇನೆ, ಯಾರನ್ನೂ ಕೇಳಬೇಕಿಲ್ಲ. ಇಳಿಯಲು ಅಜ್ಜಿ ಕೇಳಬೇಕಾಗಿತ್ತು, ಕೇಳಿದ್ದು ನನ್ನನ್ನೇ.